ಟೈ ಕಟ್ಟಿದ ದಂಡು

ತೊಂಬತ್ತರ ದಶಕದಲ್ಲಿ ರಾಣೆಬೆನ್ನೂರಿನ ಒಂದು ಅಂಗನವಾಡಿಯ ತಪಾಸಣೆಗೆ ಹೋಗಿದ್ದೆ. ಎದುರಿಗೇ ಹೊಸ ಕಾನ್ವೆಂಟು ಶುರುವಾಗಿತ್ತು. ಇಲ್ಲಿ ಚಾಪೆಯ ಮೇಲೆ ಏಳೇ ಮಕ್ಕಳು. ಕೇಂದ್ರ ಮುಚ್ಚಬೇಕೋ ಬೇಡವೋ, ನಾನೇ ಬರೆಯಬೇಕಿತ್ತು.

"ಉಳಿದವ್ರು ಎಲ್ಲಿ ಅದಾರವಾ?"

"ಹನ್ನೊಂದಕ್ಕ ಬರ್ತಾರ, ಕುಂದ್ರಿ ಸಾಹೇಬ್ರ," ಎಂದಳು ಕಾರ್ಯಕರ್ತೆ ಹಸೀನಾ.

ಖರೇನೇ ಬಂದರು! ಕಾನ್ವೆಂಟಿನ ಗಂಟೆ ಬಾರಿಸಿದ್ದೇ ತಡ, ಟೈ ಕಟ್ಟಿದ ದಂಡು ಓಡಿಬಂದು ಉಪ್ಪಿಟ್ಟಿಗೆ ತಟ್ಟೆ ಹಿಡಿಯಿತು.

"ಇವರನ್ನ ಹಾಜರಿಗೆ ಹೆಂಗ ಹಿಡೀಲವಾ?"

"ಟೈ ಬಿಚ್ಚಿಸಿ ಎಣಿಸ್ರಿ!"

ಅಷ್ಟರಲ್ಲಿ ದಂಡನ್ನು ಕರೆದೊಯ್ಯಲು ಕಾನ್ವೆಂಟಿನ ಟೀಚರಮ್ಮ ಬಂದರು. ಚಾಪೆಯ ಮೇಲಿನ ಏಳರಲ್ಲಿ ಒಂದು ಕೂಸು "ಅವ್ವಾ" ಎಂದು ಅವರ ಸೆರಗು ಹಿಡಿಯಿತು.

"ನಿಮ್ಮ ಮಗಳನ್ನ ಇಲ್ಲಿ ಬಿಟ್ಟೀರಲ್ರೀ?"

"ಮತ್ತೇನ್ರೀ, ಅಲ್ಲಿ ಕಲಿಸಾಕಿ ನಾನ ಅಲ್ಲೇನು!"

ಮುಚ್ಚಬಾರದೆಂದು ಬರೆದೆ. ಕಾರಣ ಬರೆಯುವ ಧೈರ್ಯ ಆಗ ಆಗಲಿಲ್ಲ. ಈಗ ಪಿಂಚಣಿದಾರ, ಹೇಳಿಬಿಟ್ಟೆ.