ಕಂಪ್ಯೂಟರಿನೊಳಗೆ ಉಳಿದ ನಲವತ್ತೊಂದು ಹಾಡು

1998ರ ಜೂನ್ 14, ಭಾನುವಾರ, ಬೆಳಿಗ್ಗೆ 10.20. ಸಿಂಧನೂರಿನ ನಮ್ಮ ಮನೆಯಲ್ಲಿ ಅಕ್ಕನ ಕಂಪ್ಯೂಟರಿನ ಸ್ವಿಚ್ ಒತ್ತಿದೆ. ಅಕ್ಕ ಕಾಮಾಲೆಯಿಂದ ತೀರಿಹೋಗಿ ಅಂದಿಗೆ ಹದಿನೆಂಟು ದಿನ. ಫ್ಯಾನು ತಿರುಗಿತು, ಮೂರು ಸಲ ಬೀಪ್ ಎಂದಿತು. ಪರದೆ ಕಪ್ಪಾಗಿಯೇ ಇತ್ತು.

ಯಾವುದೋ ಕಚೇರಿ ಹರಾಜು ಹಾಕಿದ ಹಳೆಯ ಯಂತ್ರ ಅದು. ಗೊರೇಬಾಳ, ಜವಳಗೇರಾದ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸರ ಹಾಡುಗಳನ್ನು ಅಕ್ಕ ಟೇಪಿನಲ್ಲಿ ಹಿಡಿದು ತಂದು ಅದರಲ್ಲಿ ಟೈಪು ಮಾಡುತ್ತಿದ್ದಳು. ಇದ್ದದ್ದು ಒಂದೇ ಕ್ಯಾಸೆಟ್. ಟೈಪಾದ ಹಾಡಿನ ಮೇಲೆಯೇ ಮುಂದಿನದನ್ನು ತುಂಬುತ್ತಿದ್ದಳು. ಮುಗಿದ ಮೇಲೆ, "ಇವತ್ತ ಎರಡು ಆದ್ವು, ಬರ್ಕೋ ಲೇ ಗುಮಾಸ್ತ" ಎನ್ನುವಳು. ನಾನು ದಿನಚರಿಯಲ್ಲಿ ತಾರೀಖು, ಸಂಖ್ಯೆ, ಊರು ಬರೆಯುತ್ತಿದ್ದೆ. ಒಟ್ಟು ನಲವತ್ತೊಂದು.

ಮೆಮೊರಿ ಕಾರ್ಡು ತೆಗೆದು, ರಬ್ಬರಿನಿಂದ ಉಜ್ಜಿ ಕೂರಿಸಿದೆ. ಹದಿನೇಳನೆಯ ಸಲಕ್ಕೆ ಪರದೆ ಹತ್ತಿತು. ತಾರೀಖು 1980ರ ಜನವರಿ 1 ಎಂದು ತೋರಿಸಿತು. ಒಳಗಿನ ಬ್ಯಾಟರಿ ಸತ್ತಿದೆ ಎಂದು ಬರೆದುಕೊಂಡೆ. ಪರದೆಯಲ್ಲಿ ಅದರ ಕೆಳಗೆ, ಹಾಡುಗಳಿದ್ದ ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ ಎಂದಿತ್ತು. ಕೇಬಲ್ ಬದಲಿಸಿ ಮತ್ತೆ ಆರು ಸಲ ನೋಡಿದೆ. ಅದೇ ಸಾಲು.

"ಬಂದ್ವೇನೋ ಅಕ್ಕನ ಹಾಡು?" ಅವ್ವ ಒಳಗಿನಿಂದ ಕೇಳಿದಳು.

"ಬರ್ತಾವಬೇ, ತಡಿ."

ಮರುದಿನ ಕಂಪ್ಯೂಟರಿನ ಡಬ್ಬಿಯನ್ನು ಅಕ್ಕನ ಚಾದರದಲ್ಲಿ ಸುತ್ತಿ, ರಿಪೇರಿಯವರನ್ನು ಹುಡುಕಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಜನ ನುಗ್ಗಿದಾಗ ಕಂಡಕ್ಟರ್, "ಏನೋ ತಮ್ಮಾ, ಕೂಸಿನಂಗ ತೊಡಿ ಮ್ಯಾಲ ಇಟ್ಕೊಂಡಿ? ಅರ್ಧ ಟಿಕೀಟರ ತಗೋ" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ರಿಪೇರಿಯವರು ಡಿಸ್ಕ್ ಬಿಚ್ಚಿ ಬೆಳಕಿಗೆ ಹಿಡಿದರು. ಅದರ ಬೋರ್ಡಿನ ಮೇಲೆ ಬಿಳಿ ಉಪ್ಪು, ಸುತ್ತ ಕಿಲುಬು.

"ಇದರ ಮ್ಯಾಲ ಏನ್ ಬಿದ್ದಿತ್ತು? ಬರೇ ನೀರಲ್ಲ ಇದು."

ಹನ್ನೊಂದನೆಯ ದಿನ ಸೂತಕ ಕಳೆಯಲು ಅವ್ವ ಆಕಳ ಗಂಜಲದ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ಒಂದು ಮೂಲಿನೂ ಬಿಡಬ್ಯಾಡಪಾ" ಎಂದಿದ್ದಳು. ಬಿಡಲಿಲ್ಲ. ಬೇಸಿಗೆಯ ಕಾವಿಗೆಂದು ಅಕ್ಕ ಮುಚ್ಚಳ ತೆಗೆದಿಟ್ಟಿದ್ದ ಆ ಡಬ್ಬಿಗೂ ಮಾವಿನೆಲೆಯಿಂದ ಚಿಮುಕಿಸಿದ್ದೆ. ಉಳಿದದ್ದಕ್ಕೆಲ್ಲ ಒಂದೊಂದು ಸಲ. ಅವಳದೆಂದು ಅದಕ್ಕೆ ಮೂರು ಸಲ. ದಿನಚರಿಯಲ್ಲಿ ಗುರುತೂ ಹಾಕಿದ್ದೆ: ಕಂಪ್ಯೂಟರ್, ಆಯಿತು.

"ಗಂಜಲ ರೀ" ಎಂದೆ.

ಅವರು ನಗಲಿಲ್ಲ. "ನಮ್ಮ ಮನ್ಯಾಗೂ ಹಂಗ ಮಾಡ್ತಿದ್ವಿ ತಮ್ಮಾ. ಒಳಗೂ ಇಳದೈತಿ. ಇನ್ನ ಇದು ಓದಂಗಿಲ್ಲ."

ಮನೆಗೆ ಬಂದು ಬ್ಯಾಟರಿ ಸತ್ತಿದೆ ಎಂದಷ್ಟೇ ಹೇಳಿದೆ. "ಹೊಸಾದು ಹಾಕಸು ಮತ್ತ" ಎಂದಳು ಅವ್ವ. ತಂಬಿಗೆ ಕೊಟ್ಟವಳು ತಾನೆಂದು ಅವಳಿಗೆ ನೆನಪಾಗಬಾರದು. ಈಗಲೂ ದಿನಕ್ಕೊಮ್ಮೆ ಕೇಳುತ್ತಾಳೆ.

ಜನವರಿ 11, ಐದು ಹಾಡು, ಜವಳಗೇರಾ ಎಂದು ನನ್ನ ಕೈಬರಹದಲ್ಲಿದೆ. ಆ ಐದರಲ್ಲಿ ಒಂದು ಸಾಲೂ ನನಗೆ ಬಾರದು. ಬದುವಿನ ಮೇಲೆ ಟೇಪು ಹಿಡಿದು ಕೂತಿದ್ದ ಹುಡುಗಿಗಾಗಿ ಹಾಡಿದವರನ್ನು ನಿಮ್ಮಲ್ಲಿ ಯಾರಾದರೂ ಬಲ್ಲವರಿದ್ದರೆ, ಆ ಹೆಂಗಸರಿಂದ ಕೇಳಿ, ನೆನಪಿದ್ದಷ್ಟನ್ನೇ ಬರೆದು ಕಳಿಸಿ.