ದೀಪದ ಗೂಡಿನಲ್ಲಿ ವೈಫೈ

ಫೋನ್ ಹಿಡಿದುಕೊಂಡೇ ಅತ್ತೆ ರೇಷ್ಮೆ ಹುಳುವಿನ ಕೋಣೆಗೆ ಕಾಲಿಟ್ಟರು. ನಾನು ಸೊಪ್ಪಿನ ಬುಟ್ಟಿ ಹಿಡಿದು, ಫೋನಿನ ಮೇಲೇ ಕಣ್ಣಿಟ್ಟು ಹಿಂದೆಯೇ ಹೋದೆ. ವಿಡಿಯೊ ಕಾಲ್ ಕಟ್ ಆಗಲೇ ಇಲ್ಲ!

ಹುತ್ತೂರಿನ ಹತ್ತಿರ ನಮ್ಮ ಮನೆ. ಹೊಸದಾಗಿ ಹುಳು ಸಾಕುವ ಹೆಂಗಸರಿಗೆ ಅತ್ತೆ ಫೋನಿನಲ್ಲೇ ಹೇಳಿಕೊಡುತ್ತಾರೆ. ಆದರೆ ಹುಳು ತೋರಿಸಲು ಒಳಗೆ ಹೋದರೆ ಸಾಕು, ದಪ್ಪ ಮಣ್ಣಿನ ಗೋಡೆ ವೈಫೈಯನ್ನು ನುಂಗಿಬಿಡುತ್ತಿತ್ತು. ಹಟ ಹಿಡಿದು, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸಿಗ್ನಲ್ ದಾಟಿಸುವ ಮೆಶ್ ವೈಫೈ ತರಿಸಿದೆ. ಒಂದು ಡಬ್ಬಿ ನಡುಮನೆಯಲ್ಲಿ. ಇನ್ನೊಂದು, ಒಂದೇ ದೀಪ ಎರಡೂ ಕೋಣೆ ಬೆಳಗಲೆಂದು ಹಿಂದಿನವರು ಅದೇ ಗೋಡೆಯಲ್ಲಿ ಎರಡೂ ಕಡೆ ತೆರೆದು ಕಟ್ಟಿದ್ದ ಗೂಡಿನಲ್ಲಿ. ಅಲ್ಲಿದ್ದ ಹಳೆಯ ಬುಡ್ಡಿದೀಪವನ್ನು ಅತ್ತೆಯೇ ತೆಗೆದು ಜಾಗ ಮಾಡಿಕೊಟ್ಟಿದ್ದರು.

ಹುಳು ಮೇಯುವುದನ್ನು ಸಮಾಧಾನವಾಗಿ ತೋರಿಸಿ ಮುಗಿಸಿದ ಅತ್ತೆ, ಸೊಪ್ಪು ಹಾಕುತ್ತಿದ್ದ ನನ್ನ ಕಡೆ ಫೋನ್ ತಿರುಗಿಸಿದರು.

“ನೋಡ್ರಮ್ಮಾ, ಇವ್ಳು ಸುಮಾ. ವೈಫೈನ ಈ ಗೋಡೆ ದಾಟ್ಸಿದ್ದು ಇವ್ಳೇ. ಯಾರ್ನೂ ಕರೀಲಿಲ್ಲ, ಎಲ್ಲಾ ತಾನೇ ಕೂತು ಮಾಡಿದ್ಳು!”

ಮದುವೆಯಾಗಿ ಬಂದಾಗಿನಿಂದ ಯಾರೇ ಕೇಳಲಿ, ಅತ್ತೆ ನನ್ನನ್ನು ‘ನಮ್ಮ ಚಿಕ್ಕೋನ ಹೆಂಡ್ತಿ’ ಎಂದೇ ಪರಿಚಯ ಮಾಡಿಕೊಡುತ್ತಿದ್ದರು. ನಾಲ್ಕು ಜನರ ಮುಂದೆ ಅವರ ಬಾಯಲ್ಲಿ ನನ್ನ ಹೆಸರು ಬಂದದ್ದು ಅವತ್ತೇ ಮೊದಲು.