ಹಳೇ ಕಾಂಕ್ರೀಟಿಗೆ ಹೊಸ ಔಷಧಿ

ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ, ದೇವರಾಯಸಮುದ್ರದ ಹತ್ತಿರ, ಒಂದು ಯಾರ್ಡಿದೆ. ಕೆಡವಿದ ಮನೆ, ಮೋರಿಗಳ ಕಾಂಕ್ರೀಟನ್ನು ಅಲ್ಲಿ ತಂದು ಸುರಿಯುತ್ತಾರೆ. ಅದನ್ನೇ ಒಡೆದು ಜಲ್ಲಿ ಮಾಡಿ, ಚರಂಡಿ ಮುಚ್ಚುವ ಚಪ್ಪಡಿ ಹಾಕಬೇಕೆಂಬುದು ಮಾಲೀಕ ಕೋದಂಡರಾಮಪ್ಪನವರ ಹಂಚಿಕೆ.

ಅಲ್ಲಿರುವವರು ಒಬ್ಬರೇ, ಗಾರೆ ಮೇಸ್ತ್ರಿ ಓಬೇದುಲ್ಲಾ ಸಾಬರು. ಹೆಂಡತಿ ಅಸ್ಗರಿ ತೀರಿಕೊಂಡು ಮೂರು ವರ್ಷ, ಮಕ್ಕಳಿಲ್ಲ. ಸಾಕಿದ ನಾಯಿಯೂ ಒಂದು ವಾರ ಇದ್ದು, ಬೇಜಾರಾಗಿ, ಟಿಕೆಟ್ ತೆಗೆದುಕೊಂಡೇ ಕೋಲಾರದ ಬಸ್ಸು ಹತ್ತಿತಂತೆ. ವಾರಕ್ಕೊಮ್ಮೆ ಲಾರಿ ತರುವ ಮುನಿಕೃಷ್ಣ, "ಏನ್ ಸಾಬ್ರೇ, ಬಾಗುನ್ನಾರಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳುತ್ತಾನೆ. ಆ ಒಂದು ಮಾತನ್ನು ಸಾಬರು ಎಲೆಅಡಿಕೆಯಂತೆ ದಿನಕ್ಕಿಷ್ಟು ಚಿವುಟಿ ಏಳು ದಿನ ಜಗಿಯುತ್ತಾರೆ.

ಒಂದು ದಿನ ಕೋದಂಡರಾಮಪ್ಪ ಕಂದು ಬಣ್ಣದ ಔಷಧಿಯ ಕ್ಯಾನು ತಂದಿಟ್ಟರು.

"ಹಳೇ ಜಲ್ಲಿ ಸಿಕ್ಕಾಪಟ್ಟೆ ನೀರು ಕುಡಿಯತ್ತೆ ಸಾಬ್ರೇ. ನೀರು ಜಾಸ್ತಿ ಆದ್ರೆ ಬಲ ಹೋಗತ್ತೆ. ಇದನ್ನ ಅಳೆದು ಹಾಕಿ, ಕಮ್ಮಿ ನೀರಲ್ಲೇ ಕಲಸೋಕೆ ಬರತ್ತೆ. ಇಪ್ಪತ್ತೆಂಟು ದಿನ ಆದ್ಮೇಲೆ ಲ್ಯಾಬಲ್ಲಿ ಒಡೆದು ನೋಡ್ತಾರೆ, ಬಲ ಇಪ್ಪತ್ತು ಬಂದ್ರೆ ಚಪ್ಪಡಿ ಆರ್ಡರು ನಮ್ದು, ಇಬ್ರು ಆಳು ಕಳಿಸ್ತೀನಿ. ಬರದೇ ಇದ್ರೆ ಯಾರ್ಡಿಗೆ ಬೀಗ."

ಸಾಬರು ಕೂಲಿ ಕೇಳಲಿಲ್ಲ. "ಆ ಇಬ್ರು ಮಾತಾಡೋರಾ ಅಣ್ಣಾ?" ಎಂದರು.

ಕಲಸುವ ದಿನ ಜಲ್ಲಿ ನೆನೆಸಿದರು, ಔಷಧಿ ಅಳೆದು ಹಾಕಿದರು. ಮಿಕ್ಸರು ತಿರುಗಿತು. ಒಳಗೆ ನೋಡಿದರೆ ಎಲ್ಲ ಒಣ ಒಣ. ನಲವತ್ತು ವರ್ಷ ಗಾರೆ ಕಲಸಿದ ಕೈ. ಸಾಬರು ನಿದ್ದೆಗಣ್ಣಲ್ಲಿದ್ದರೂ ಅದು ತಾನಾಗಿ ಎದ್ದು ಯಾರದೋ ಗೋಡೆಗೆ ನೀರು ಹೊಡೆದು ಬರುತ್ತಿತ್ತು. ಆ ಕೈ ಒಂದು ಚೊಂಬು ನೀರು ಸುರಿದೇಬಿಟ್ಟಿತು. ಎರಡು ನಿಮಿಷಕ್ಕೆ ಔಷಧಿಯೂ ತಡವಾಗಿ ತನ್ನ ಕೆಲಸ ತೋರಿಸಿತು. ಕಾಂಕ್ರೀಟು ತಿಳಿಸಾರಾಯಿತು. ಅದನ್ನೇ ಲ್ಯಾಬಿಗೆ ಕಳಿಸುವ ಅಚ್ಚಿಗೆ ತುಂಬಿ, ಗಟ್ಟಿಯಾದ ಮೇಲೆ ನೀರಿನ ತೊಟ್ಟಿಯಲ್ಲಿಟ್ಟರು. ತಪ್ಪಾಯಿತೆಂದು ಹೇಳಿಕೊಳ್ಳಲೂ ಹತ್ತಿರ ಯಾರಿರಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಕೋದಂಡರಾಮಪ್ಪ ಲ್ಯಾಬಿನ ಕಾಗದ, ಒಂದು ಬೀಗ ಹಿಡಿದು ಬಂದರು. "ಹದಿಮೂರು. ಔಷಧಿನೇ ಸರಿಯಿಲ್ಲ. ಸಾಕು ಬಿಡಿ, ಬೀಗ ಹಾಕೋಣ."

ಸಾಬರು ಸುಮ್ಮನಿದ್ದಿದ್ದರೆ ತಪ್ಪು ಔಷಧಿಯದಾಗುತ್ತಿತ್ತು, ಮೇಸ್ತ್ರಿಯ ಹೆಸರು ಉಳಿಯುತ್ತಿತ್ತು.

"ಔಷಧಿದಲ್ಲ ಅಣ್ಣಾ. ನಾನು ಒಂದು ಚೊಂಬು ನೀರು ಹಾಕ್ಬಿಟ್ಟೆ."

"ನೀರು ಜಾಸ್ತಿ ಆದ್ರೆ ಬಲ ಹೋಗತ್ತೆ ಅಂತ ಹೇಳಿರ್ಲಿಲ್ವಾ?"

"ಹೇಳಿದ್ರಿ. ಪಕ್ಕದಲ್ಲಿ ಕೈ ಹಿಡಿಯೋರು ಇರ್ಲಿಲ್ಲ."

ಕೋದಂಡರಾಮಪ್ಪ ಬೀಗವನ್ನು ಜೇಬಿಗೆ ಹಾಕಿಕೊಂಡರು. "ಇನ್ನೊಂದ್ಸಲ ನೋಡಿ. ಇದೇ ಕೊನೆ."

"ಅಲ್ಲೀವರೆಗೆ ಒಬ್ಬನನ್ನಾದ್ರೂ..."

"ಪಾಸಾಗ್ಲಿ ಸಾಬ್ರೇ, ಆಮೇಲೆ."

ಮಾಲೀಕರ ಜೀಪು ಹೋಯಿತು. ಮಧ್ಯಾಹ್ನವೇ ಸಾಬರು ಮತ್ತೆ ಕಲಸಿದರು. ಒಳಗೆ ಅದೇ ಒಣ ಒಣ. ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತರು. ಐದು ನಿಮಿಷ ಆಗುವಷ್ಟರಲ್ಲಿ ಅವರ ಗಡ್ಡ ಒಂದು ಗೇಣು ಬೆಳೆದಿರಬೇಕು. ಆಮೇಲೆ ಕಾಂಕ್ರೀಟು ತನ್ನಷ್ಟಕ್ಕೆ ಸಡಿಲಾಗಿ, ಬಿಸಿ ಮುದ್ದೆಯಂತೆ ಹೊಳೆಯುತ್ತ ಮಗುಚಿಕೊಂಡಿತು.

"ನೋಡಿದ್ರಾ?" ಎಂದು ಸಾಬರು ಯಾರೂ ಇಲ್ಲದ ಪಕ್ಕಕ್ಕೆ ತಿರುಗಿದರು. ಆಮೇಲೆ ಮೆಲ್ಲಗೆ ಅಚ್ಚುಗಳಿಗೆ ಎಣ್ಣೆ ಸವರತೊಡಗಿದರು.